ತಂಗಿಯ ರಕ್ತದ ಇಲಿಗಳು

ಸಿರುಗುಪ್ಪದ ಸುಮಂಗಲಾ ಬಳ್ಳಾರಿಯ ಒಂದು ಸಂಶೋಧನಾ ಕೇಂದ್ರದಲ್ಲಿ ಬಿಳಿ ಇಲಿಗಳನ್ನು ನೋಡಿಕೊಳ್ಳುತ್ತಿದ್ದಳು. ಅವು ಹುಟ್ಟಿನಿಂದಲೇ ರೋಗನಿರೋಧಕ ಶಕ್ತಿ ಇಲ್ಲದವು. ಅವುಗಳ ಮೈಗೆ ಮನುಷ್ಯರ ರಕ್ತಕಣ ಸೇರಿಸುತ್ತಿದ್ದರು. ಆಮೇಲೆ ಆ ಮನುಷ್ಯನಿಗೆ ಒಗ್ಗದ್ದು ಇಲಿಗೂ ಒಗ್ಗುತ್ತಿರಲಿಲ್ಲ.

ಅವಳ ತಂಗಿ ನಾಗಲಕ್ಷ್ಮಿಗೆ ಶೇಂಗಾ ಆಗುತ್ತಿರಲಿಲ್ಲ. ಚಿಕ್ಕವಳಿದ್ದಾಗ ಒಂದು ಚೂರು ಚಿಕ್ಕಿ ತಿಂದು, ಮುಖ ಊದಿ ಉಸಿರು ಕಟ್ಟಿ, ಹೇಗೋ ಬದುಕಿದ್ದಳು. ಅವಳನ್ನು ಕುರುಗೋಡಿಗೆ ಕೊಟ್ಟಾಗ ಸುಮಂಗಲಾ ಮೊದಲು ಹೋಗಿ ನೋಡಿದ್ದು ಆ ಮನೆಯ ಅಡುಗೆಮನೆಯನ್ನು.

ಕೇಂದ್ರದ ಡಾಕ್ಟರ್ ಶ್ರೀಕೃತಿ ಅಂಥವರ ರಕ್ತ ಹುಡುಕುತ್ತಿದ್ದಾಗ ಸುಮಂಗಲಾ ತಂಗಿಯನ್ನೇ ಕರೆತಂದಳು. ನಾಗಲಕ್ಷ್ಮಿ ತೋಳು ಚಾಚಿ ನಕ್ಕಳು.

“ಅಕ್ಕಾ, ನನ್ನ ಇಲಿಗೆ ಶೇಂಗಾ ಚಟ್ನಿಪುಡಿ ಹಾಕಬ್ಯಾಡ ನೋಡು.”

ಕೆಲವು ವಾರಗಳ ನಂತರ ಆ ಇಲಿಗಳಿಗೆ ಶೇಂಗಾದ ಸಾರ ಕೊಟ್ಟರು. ಕೆಲವು ಮುದುಡಿ, ಮೈ ತಣ್ಣಗಾಗಿ ಬಿದ್ದವು. ಶೇಂಗಾದ ತೊಂದರೆ ತಡೆಯಲೆಂದು ಕೇಂದ್ರದಲ್ಲಿ ಪರೀಕ್ಷಿಸುತ್ತಿದ್ದ ಹೊಸ ಔಷಧವನ್ನು ಮೊದಲೇ ಪಡೆದಿದ್ದ ಇಲಿಗಳು ಏನೂ ಆಗಿಲ್ಲವೆಂಬಂತೆ ಮೂಗು ಒರೆಸಿಕೊಂಡು ಓಡಾಡಿದವು. ಸುಮಂಗಲಾಳಿಗೆ ಕಣ್ಣು ತುಂಬಿ ಬಂತು.

“ಮೇಡಂ, ಈ ಔಷಧ ನನ್ನ ತಂಗಿಗೆ ಕೊಡ್ರಿ.”

“ಇಲಿಗೆ ಆದದ್ದು ಮನುಷ್ಯರಿಗೂ ಆಗ್ತದ ಅಂತ ಹೇಳ್ಲಿಕ್ಕೆ ಬರೋದಿಲ್ಲ, ಸುಮಂಗಲಾ. ಇನ್ನೂ ಎಷ್ಟೋ ವರ್ಷ ಬೇಕು.”

“ಅವುಗಳ ಒಳಗ ಇರೋದು ಆಕೀ ರಕ್ತಾನ ಅಲ್ಲೇನ್ರಿ?”

ಶ್ರೀಕೃತಿ ಮುಂದಿನ ಪಂಜರದ ಚೀಟಿ ಬರೆಯತೊಡಗಿದಳು.

ಅದೇ ತಿಂಗಳು ನಾಗಲಕ್ಷ್ಮಿ ಪಕ್ಕದ ಮನೆಯ ಬಸುರಿಯ ಕುಬುಸದ ಊಟಕ್ಕೆ ಹೋದಳು. ಎಣ್ಣೆಗಾಯಿಗೆ ಶೇಂಗಾ ಹಾಕಿದ್ದಾರೆಯೇ ಎಂದು ಕೇಳಿಯೇ ತಿಂದಳು. ಹಾಕಿರಲಿಲ್ಲ, ಗುರೆಳ್ಳು ಹಾಕಿದ್ದರು. ಆದರೆ ಅದನ್ನು ಪುಡಿ ಮಾಡಿದ್ದು ಶೇಂಗಾ ಪುಡಿ ಮಾಡಿದ್ದ ಮಿಕ್ಸಿಯಲ್ಲೇ. ಬಳ್ಳಾರಿಯ ಆಸ್ಪತ್ರೆಗೆ ಬರುವ ದಾರಿಯಲ್ಲಿ, ಗಂಡ ಶೇಖರನ ತೊಡೆಯ ಮೇಲೆ, ಅವಳ ಉಸಿರು ನಿಂತಿತು.

ಸುಮಂಗಲಾ ಕೆಲಸಕ್ಕೆ ಮರಳಿದಾಗ ಔಷಧ ಪಡೆದ ಇಲಿಗಳು ಇನ್ನೂ ಬದುಕಿದ್ದವು. ಪ್ರಯೋಗ ಮುಗಿದಿದ್ದರಿಂದ ಅವುಗಳನ್ನು ಕೊಲ್ಲಬೇಕಿತ್ತು.

“ಒಂದಾದರೂ ಉಳಸ್ರಿ ಮೇಡಂ. ಆಕೀದು ಅಂತ ಜೀವಂತ ಉಳಿದಿರೋದು ಇಷ್ಟ ಐತಿ.”

“ಉಳಿಸಿದ್ರ ನರಳ್ತಾವ. ಆ ರಕ್ತಕಣಗಳೇ ಇಲಿ ಮೈಮ್ಯಾಲೆ ತಿರುಗಿ ಬೀಳ್ತಾವ. ನಿನಗೂ ಗೊತ್ತದ.”

ಗೊತ್ತಿತ್ತು. ಕೂದಲು ಉದುರಿ ಸೊರಗಿದ ಇಲಿಗಳನ್ನು ಅವಳು ಎಷ್ಟೋ ಸಲ ನೋಡಿದ್ದಳು. ಬೇರೆಯವರು ಮುಟ್ಟುವುದು ಬೇಡವೆಂದು ತಾನೇ ಅವುಗಳನ್ನು ಎತ್ತಿ ಗ್ಯಾಸ್ ಪೆಟ್ಟಿಗೆಯಲ್ಲಿ ಬಿಟ್ಟಳು. ಕೊನೆಯದು ಅಂಗೈಯಲ್ಲಿ ಬೆಚ್ಚಗೆ ಕುಳಿತು ಅವಳ ಬೆರಳು ಮೂಸಿತು. ಅದನ್ನು ಕೆಳಗಿಡಲು ಅವಳಿಗೆ ಬಹಳ ಹೊತ್ತು ಹಿಡಿಯಿತು.

ಈಗಲೂ ಅಲ್ಲೇ ಕೆಲಸ ಮಾಡುತ್ತಾಳೆ. ಔಷಧ ಇನ್ನೂ ಯಾರ ಕೈಗೂ ಬಂದಿಲ್ಲ. ಹೊಸ ಇಲಿಗಳು ಬಂದಾಗ ಯಾರ ರಕ್ತವೆಂದು ಅವಳು ಕೇಳುವುದಿಲ್ಲ.