ಹುಣಸೆ ನೀರಿನಲ್ಲಿ ಅಜ್ಜಿಯ ಕವಡೆಗಳು

ಬೆಳಿಗ್ಗೆ ಹುಣಸೆಹಣ್ಣು ಹಚ್ಚಿ ತಾಮ್ರದ ತಂಬಿಗೆ ತಿಕ್ಕುತ್ತಿದ್ದೆ. ಆ ಹುಳಿ ವಾಸನೆಗೆ ಕೈ ತಾನಾಗಿ ನಿಂತಿತು. ಬ್ಯಾಡಗಿಯ ನಮ್ಮ ಹಿತ್ತಲು, ಬಿಸಿಲಿಗೆ ಬೋರಲು ಹಾಕಿದ ಕೊಡಗಳು, ಮೊಣಕೈವರೆಗೂ ಹುಣಸೆ ಮೆತ್ತಿಕೊಂಡ ಅಜ್ಜಿ.

ಚಿಕ್ಕವಳಿದ್ದಾಗ ಒಮ್ಮೆ, ಅಜ್ಜಿ ಚೌಕಾಬಾರ ಆಡುವ ಕವಡೆಗಳೂ ಕೊಡಗಳಂತೆ ಹೊಳೆಯಲಿ ಎಂದು, ಉಳಿದ ಹುಣಸೆ ನೀರಿನಲ್ಲಿ ಅವನ್ನು ನೆನೆಹಾಕಿ ಆಡಲು ಓಡಿದ್ದೆ. ಸಂಜೆ ತೆಗೆದರೆ ಇದ್ದ ಹೊಳಪೂ ಹೋಗಿ, ಮೈಯೆಲ್ಲ ಒರಟಾಗಿತ್ತು. ಅಜ್ಜಿ ಬೈಯಲಿಲ್ಲ. ಒಂದೊಂದನ್ನೇ ಸೆರಗಿನಲ್ಲಿ ಒರೆಸುತ್ತ, "ಹುಳಿ ತಾಮ್ರ ತೊಳಿತೈತಿ, ಕವಡಿ ತಿಂತೈತಿ. ಉಪ್ಪನೀರಾಗ ಹುಟ್ಟಿದ್ದು ಹುಳಿ ತಡಕೊಳ್ಳಂಗಿಲ್ಲವ್ವ" ಅಂದಳು.

ನಮ್ಮ ಹೊಗೆಯ ಇಂಗಾಲವನ್ನು ಕುಡಿದು ಕುಡಿದು ಸಮುದ್ರವೂ ಹುಳಿಯತ್ತ ವಾಲುತ್ತಿದೆಯಂತೆ, ಅಲ್ಲಿನ ಜೀವಿಗಳಿಗೆ ಚಿಪ್ಪು ಕಟ್ಟಿಕೊಳ್ಳುವುದೇ ಕಷ್ಟವಾಗುತ್ತಿದೆಯಂತೆ. ಮೊನ್ನೆ ಮಗಳು ಪಾಠ ಓದಿ ಹೇಳಿದಳು.

ಅಜ್ಜಿಯ ಕವಡೆಗಳನ್ನು ಸಂಜೆಗಾದರೂ ನೀರಿನಿಂದ ತೆಗೆದಿದ್ದೆ. ಸಮುದ್ರದಲ್ಲಿರುವವನ್ನು ತೆಗೆದು ಎಲ್ಲಿಡುವುದು?