ಅಮಾವಾಸ್ಯೆಯ ಹಾಲು

ರಬಕವಿಯ ನಮ್ಮ ಓಣಿಯಲ್ಲಿ ಪವರ್‌ಲೂಮಿನ ಸದ್ದು ಯಾರಿಗೂ ಕೇಳಿಸುವುದಿಲ್ಲ. ಮನೆಮನೆಯಲ್ಲೂ ಮಗ್ಗ, ಆ ಖಟಖಟದಲ್ಲೇ ಹುಟ್ಟಿ ಬೆಳೆದವರು ನಾವು. ನಾನು ಮಾಡಿದ ತಪ್ಪಿಗೆ ಅರ್ಧ ಕಾರಣ ಅದು. ಉಳಿದರ್ಧ ನನ್ನ ಸಂಶಯದ ಬುದ್ಧಿ.

ನಮ್ಮ ಎಮ್ಮೆಯ ಕರು ಹುಟ್ಟಿದ ತಿಂಗಳೊಳಗೇ ಸತ್ತಿತ್ತು. ಆದರೂ ಮುಂಜಾನೆ ಆರೂವರೆಗೆ ಹಿಂಡಲು ಕೂತರೆ ಬೋಗಾಣಿ ತುಂಬಿಸುತ್ತಿತ್ತು. ಅಮಾವಾಸ್ಯೆಗೆ ಮಾತ್ರ ನಾನು ಬೆಳಗಾಗುತ್ತಲೇ ಊರಾಚೆಯ ಗುಡಿಗೆ ಹೋಗುತ್ತಿದ್ದೆ. ಅವತ್ತು ಹಿಂಡುವವಳು ಪಕ್ಕದ ಮನೆಯ ಕಾಕು, ನಮ್ಮ ಮಗ್ಗಕ್ಕೆ ಕಂಡಿಕೆಗೆ ನೂಲು ಸುತ್ತಿಕೊಡುವ ಒಂಟಿ ಹೆಂಗಸು. ನಾನು ತಿರುಗಿ ಬಂದರೆ ಅಡುಗೆಮನೆಯಲ್ಲಿ ಅರ್ಧ ತಂಬಿಗೆ ಹಾಲು. ಅದೇ ಸಂಜೆ ನಾನು ಹಿಂಡಿದರೆ ಬೋಗಾಣಿ ತುಂಬಿ ತುಳುಕುತ್ತಿತ್ತು.

ಒಂದು ಅಮಾವಾಸ್ಯೆ ಸುಮ್ಮನಿದ್ದೆ. ಎರಡನೆಯದಕ್ಕೆ ಕೇಳಿಯೇಬಿಟ್ಟೆ.

“ಎಮ್ಮಿ ಹಾಲು ಇಳಿಸವಲ್ತವ್ವಾ. ಕಿವಿ ನಿಗರಿಸಿಕೊಂಡು ಯಾರದೋ ಹಾದಿ ಕಾಯ್ದಂಗ ನಿಂದರತೈತಿ,” ಅಂದಳು.

ಎಷ್ಟು ಚಂದ ಕಥೆ ಕಟ್ಟುತ್ತಾಳೆ ಅನಿಸಿತು. ಆಮೇಲೆ ಅವಳು ಮಾಡಿದ್ದೆಲ್ಲ ಕಣ್ಣಿಗೆ ಚುಚ್ಚತೊಡಗಿತು. ಸೆರಗು ಯಾಕೆ ಇಷ್ಟು ಮೈತುಂಬ ಹೊದ್ದಿದ್ದಾಳೆ? ಅವಳ ಚಹಾ ಯಾಕೆ ಅಷ್ಟು ಬೆಳ್ಳಗೆ? ಅವಳ ಬೆಕ್ಕು ದಪ್ಪಗಾಗಿದ್ದನ್ನೂ ಬಿಡಲಿಲ್ಲ ನಾನು. ಮೂರನೆಯ ಅಮಾವಾಸ್ಯೆ ಗುಡಿಯಿಂದ ಬೇಗ ಬಂದೆ. ಸೆರಗಿನಡಿ ತಂಬಿಗೆ ಹಿಡಿದು ಹಿತ್ತಲಿನಿಂದ ಹೊರಟಿದ್ದಳು. ನಳದ ಹತ್ತಿರ ಓಣಿಯ ಹೆಂಗಸರೆಲ್ಲ ನಿಂತಿದ್ದರು.

“ತಂಬಿಗಿ ಸ್ವಲ್ಪ ತೋರಸ್ರಿ ಕಾಕು,” ಅಂದೆ.

ಅವಳು ತಂಬಿಗೆಯನ್ನು ಬೋರಲು ಮಾಡಿದಳು. ನಾಲ್ಕು ಹನಿ ನೀರು ಬಿತ್ತು, ಕೆಚ್ಚಲು ತೊಳೆದು ಉಳಿದದ್ದು. ತಂಬಿಗೆ ಹಿಡಿದು ತನ್ನ ಮನೆಗೆ ಹೋದಳು. ಹಾಲು ಅಲ್ಲೇ ಕುಡಿದಿರಬೇಕು ಅಂದುಕೊಂಡೆ. ಅಷ್ಟು ಹಟ ನನಗೆ.

ಮುಂದಿನ ವಾರ ಒಂದು ದಿನ ಮುಂಜಾನೆ ಕರೆಂಟು ಹೋಗಿತ್ತು. ಎಂದಿನಂತೆ ಹಿಂಡಲು ಕೂತೆ. ಎಮ್ಮೆ ಕಿವಿ ನಿಗರಿಸಿ ನಿಂತುಬಿಟ್ಟಿತು. ತಿನ್ನಲು ಹಿಂಡಿ ಇಟ್ಟೆ, ಬೆನ್ನು ಸವರಿದೆ, ಬೈದೆ. ಕೈ ಸೋತಿತೇ ಹೊರತು ಹಾಲಿಲ್ಲ. ಅಷ್ಟರಲ್ಲಿ ಕರೆಂಟು ಬಂತು. ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ಖಟಖಟ ಅಂದವು. ನನ್ನ ಬೆರಳಲ್ಲೇ ಕೆಚ್ಚಲು ಬಿಗಿಯಿತು, ಹಾಲು ಜುರ್ರನೆ ಇಳಿಯಿತು.

ದಿನವೂ ಮಗ್ಗ ಶುರುವಾಗುವ ಹೊತ್ತಿಗೇ ಹಿಂಡುತ್ತಿದ್ದೆವು. ಕರು ಇಲ್ಲದ ಎಮ್ಮೆಗೆ ಆ ಸದ್ದೇ ಕರುವಾಗಿತ್ತು. ಅಮಾವಾಸ್ಯೆಗೆ ನಮ್ಮ ಓಣಿಯಲ್ಲಿ ಮಧ್ಯಾಹ್ನ ಪೂಜೆಯಾಗುವತನಕ ಮಗ್ಗ ಬಂದ್. ಕಾಕು ಖರೆಯೇ ಹೇಳಿದ್ದಳು.

ಆ ಹಾಲನ್ನೇ ಒಯ್ದು ಅವಳ ಮುಂದಿಟ್ಟು ಕೈ ಹಿಡಿದುಕೊಂಡೆ. “ನಂದು ತಪ್ಪಾತ್ರಿ ಕಾಕು,” ಅಂದೆ.

“ಹೋಗಲಿ ಬಿಡವ್ವಾ, ಆತು,” ಅಂದಳು.

ಐದಾರು ತಿಂಗಳಾಯಿತು. ಅಮಾವಾಸ್ಯೆಗೆ ಈಗಲೂ ಅವಳೇ ಹಿಂಡುತ್ತಾಳೆ. ನಾನು ಮೊಬೈಲಿನಲ್ಲಿ ಮಗ್ಗದ ಸದ್ದು ಹಚ್ಚಿಟ್ಟು ಗುಡಿಗೆ ಹೋಗುತ್ತೇನೆ. ಎಮ್ಮೆ ಅದಕ್ಕೂ ಹಾಲು ಇಳಿಸುತ್ತದೆ. ತಿರುಗಿ ಬಂದಾಗ ಕಾಕು ನಗುನಗುತ್ತಲೇ ಮಾತಾಡಿಸುತ್ತಾಳೆ. ಆದರೆ ಹಿತ್ತಲ ಬಾಗಿಲಲ್ಲಿ ನಾನು ಕಂಡ ಕೂಡಲೇ ಅವಳ ಕೈ ತಾನಾಗಿಯೇ ಖಾಲಿ ತಂಬಿಗೆಯನ್ನು ಬೋರಲು ಮಾಡಿ ತೋರಿಸುತ್ತದೆ. ಅದು ಅವಳಿಗೆ ಗೊತ್ತೇ ಆಗುವುದಿಲ್ಲ.