ಅವ್ವನ ಸಂದಿಹಲ್ಲಿನ ಸಿಳ್ಳೆ

ನಮ್ಮವ್ವ ಸಿಳ್ಳೆ ಹೊಡೆಯುತ್ತಿದ್ದಳು. ಹೆಣ್ಣುಮಕ್ಕಳು ಸಿಳ್ಳೆ ಹೊಡೆದರೆ ಮನೆಗೆ ಒಳ್ಳೆಯದಲ್ಲ ಎನ್ನುವ ಊರಿನಲ್ಲಿ, ಅದೂ ಓಣಿಗೆಲ್ಲ ಕಾಣುವಂತೆ ಕಟ್ಟೆಯ ಮೇಲೆ ನಿಂತು, ದಿನಾ ಸಂಜೆ ಹೊಡೆಯುತ್ತಿದ್ದಳು. ಬಾಯಿಗೆ ಬೆರಳಿಡುತ್ತಿರಲಿಲ್ಲ, ತುಟಿ ಚೂಪು ಮಾಡುತ್ತಿರಲಿಲ್ಲ. ಮೇಲಿನ ಎರಡು ಮುಂದಿನ ಹಲ್ಲುಗಳ ನಡುವೆ ಅವಳಿಗೊಂದು ಸಂದಿಯಿತ್ತು. ನಾಲಗೆಯನ್ನು ಅದರ ಹಿಂದೆ ಒತ್ತಿ ಉಸಿರು ಬಿಟ್ಟರೆ ಸಾಕು, ತೆಳ್ಳಗೆ ಉದ್ದಕ್ಕೆ ಒಂದು ಸಿಳ್ಳೆ ಹೊರಡುತ್ತಿತ್ತು. ನೋಡಿದವರಿಗೆ ಆಕೆ ಸುಮ್ಮನೆ ನಿಂತಿದ್ದಾಳೆ ಎನಿಸಬೇಕು, ಹಾಗೆ. ಅಪ್ಪ ಸಿಟ್ಟಾದರೆ ಉತ್ತರ ಸಿದ್ಧವಿರುತ್ತಿತ್ತು.

"ನಾ ಎಲ್ಲಿ ಸಿಳ್ಳಿ ಹೊಡದ್ನಿ? ಉಸುರು ಬಿಟ್ನಿ. ಈ ಮನ್ಯಾಗ ಉಸುರೂ ಬಿಡಬಾರದೇನ್ರಿ?"

ಆ ಸಿಳ್ಳೆ ನನಗಾಗಿ. ಕಾರಟಗಿಯಲ್ಲಿ ನಮ್ಮ ಮನೆಯ ಹಿಂದೆಯೇ ಅಕ್ಕಿ ಗಿರಣಿ ಇತ್ತು. ಅಪ್ಪನದು ಗೋಣಿಚೀಲದ ವ್ಯಾಪಾರ. ಸಾಲೆ ಬಿಟ್ಟ ಕೂಡಲೇ ಓಣಿಯ ಹುಡುಗರೆಲ್ಲ ಗಿರಣಿಯ ಹಿಂದಿನ ಹೊಟ್ಟಿನ ಗುಡ್ಡೆಗೆ ಓಡುತ್ತಿದ್ದೆವು. ಮೇಲಿಂದ ಕೆಳಗೆ ಜಾರುವುದು, ಮೈಯೆಲ್ಲ ಕೆರೆದುಕೊಳ್ಳುವುದು, ಮತ್ತೆ ಹತ್ತುವುದು. ಗಿರಣಿಯ ಧಡಧಡ ಸದ್ದಿನಲ್ಲಿ ಯಾವ ತಾಯಿಯ ಕೂಗೂ ಅಲ್ಲಿಗೆ ಮುಟ್ಟುತ್ತಿರಲಿಲ್ಲ. ಬೇರೆ ಹುಡುಗರ ತಾಯಂದಿರು ಕೋಲು ಹಿಡಿದುಕೊಂಡು ತಾವೇ ಬರಬೇಕಾಗುತ್ತಿತ್ತು. ನಮ್ಮವ್ವನ ಸಿಳ್ಳೆ ಮಾತ್ರ ಆ ಸದ್ದಿನ ಮೇಲೆ ತೇಲಿ ಬರುತ್ತಿತ್ತು. ನಾನು ಗುಡ್ಡೆಯ ತುದಿಯಲ್ಲಿ ನಿಂತು "ಬಂದೆ ಬೇ!" ಎಂದು ಗಂಟಲು ಹರಿಯುವಂತೆ ಕೂಗಿ, ಆಮೇಲೆ ಇಳಿಯುತ್ತಿದ್ದೆ. ನನ್ನ ಕೂಗು ಆಕೆಗೆ ಕೇಳಿಸುತ್ತಿತ್ತೋ ಇಲ್ಲವೋ ದೇವರೇ ಬಲ್ಲ. ಕೂಗದೆ ಇಳಿದ ದಿನ ಮಾತ್ರ ನೆನಪಿಲ್ಲ.

ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ ಬಂದ ಮೇಲೆ ನನಗೆ ಸಿಕ್ಕಿದ್ದೂ ಗಿರಣಿಗಳ ಕೆಲಸವೇ. ಕಾರಟಗಿ, ಗಂಗಾವತಿಯ ಗಿರಣಿಗಳಲ್ಲಿ ಹೊಸ ಯಂತ್ರ ಕೂರಿಸುವುದು, ಹಳೆಯದನ್ನು ರಿಪೇರಿ ಮಾಡುವುದು. ಭತ್ತದ ಹೊಟ್ಟು ಬಿಡಿಸುವ ಯಂತ್ರದಲ್ಲಿ ಎರಡು ರಬ್ಬರ್ ರೋಲುಗಳಿರುತ್ತವೆ. ಅವುಗಳ ನಡುವಿನ ಸಂದಿಯಲ್ಲೇ ಗಿರಣಿಯ ಮಾನ ಇರುವುದು. ಬಿಗಿಯಾದರೆ ಅಕ್ಕಿ ನುಚ್ಚಾಗುತ್ತದೆ, ಸಡಿಲಾದರೆ ಭತ್ತ ಭತ್ತವಾಗಿಯೇ ಆಚೆ ಬೀಳುತ್ತದೆ. ಆ ಕೆಲಸ ನನಗೆ ಬೇಸರವಾಗಿರಲಿಲ್ಲ. ಈಗಲೂ ಗಿರಣಿಯ ಮುಂದೆ ಹೋಗುವಾಗ ಕಾರು ನಿಧಾನ ಮಾಡಿ, ರೋಲು ಸವೆದಿದೆಯೋ ಎಂದು ಸದ್ದು ಕೇಳುತ್ತೇನೆ. ಹೆಂಡತಿ ಪಕ್ಕದಲ್ಲಿದ್ದರೆ ಬೈಯುತ್ತಾಳೆ.

ದಾರಿ ತಪ್ಪಿದ್ದು ಬಳ್ಳಾರಿಯಲ್ಲಿ. ಯಂತ್ರದ ಬಿಡಿಭಾಗ ತರಲು ಗಿರಣಿ ಮಾಲೀಕರೊಬ್ಬರ ಜೊತೆ ಹೋಗಿದ್ದೆ. ಅವರ ಮಗಳ ಹಲ್ಲಿನ ಕ್ಲಿಪ್ಪಿನ ತಂತಿ ಕಿತ್ತು ಕೆನ್ನೆಗೆ ಚುಚ್ಚುತ್ತಿತ್ತು, ಅವಳನ್ನೂ ಕರೆತಂದಿದ್ದರು. ನಾನೂ ಡಾಕ್ಟರ ಕೋಣೆಯೊಳಗೆ ನಿಂತೆ. ಕಸಬರಿಗೆಯ ಕಡ್ಡಿಗಿಂತ ಸಣ್ಣ ತಂತಿಯನ್ನು ಅವರು ಇಕ್ಕಳದಲ್ಲಿ ಬಾಗಿಸುತ್ತಿದ್ದರು. ಇಷ್ಟು ಸಣ್ಣ ತಂತಿಗೆ ಎಲುಬಿನೊಳಗೆ ಬೇರುಬಿಟ್ಟ ಹಲ್ಲು ಹೇಗೆ ಸರಿಯುತ್ತದೆ ಎಂದು ಕೇಳಿದೆ. "ಮೆಲ್ಲಗೆ ತಳ್ಳಿದರೆ ಎಲುಬೇ ದಾರಿ ಬಿಡುತ್ತದೆ. ಜೋರು ಮಾಡಿದರೆ ಬಿಡುವುದಿಲ್ಲ," ಎಂದರು. ಕಬ್ಬಿಣದ ಜೊತೆ ಗುದ್ದಾಡಿಕೊಂಡಿದ್ದ ನನ್ನ ತಲೆಯಿಂದ ಆ ಮಾತು ಇಳಿಯಲೇ ಇಲ್ಲ. ಪಿಯುಸಿಯಲ್ಲಿ ಜೀವಶಾಸ್ತ್ರವನ್ನೂ ಓದಿದ್ದೆ. ಹಲ್ಲಿನ ಡಾಕ್ಟರಿಕೆಯ ಪ್ರವೇಶ ಪರೀಕ್ಷೆ ಬರೆದೇಬಿಟ್ಟೆ.

"ಎತ್ತು ಏರಿಗೆ ಎಳದ್ರ ಕೋಣ ನೀರಿಗೆ ಎಳಿತಂತ," ಎಂದರು ಅಪ್ಪ. "ಇಂಜನೇರಿ ಕಲಿತಾಂವ ಈಗ ಹಲ್ಲು ಕೀಳಾಕ ಹೊಂಟಾನ."

"ಕೀಳೂದಲ್ಲಪ್ಪಾ, ಸಾಲಿಗೆ ಹಚ್ಚೂದು."

"ಸಾಲಿಗೆ ಹಚ್ಚಾಕ ಅದೇನು ಭತ್ತದ ಸಸಿ ಐತೇನು?"

ಅವ್ವ ನಕ್ಕಳು. ಸಂದಿಹಲ್ಲು ಪೂರ್ತಿ ಕಾಣುವಂತೆ ನಕ್ಕಳು. ಆಕೆಗೆ ನನ್ನ ವಿದ್ಯೆಯ ತಲೆಬುಡ ತಿಳಿದಿರಲಿಲ್ಲ, ಆದರೆ ಮಗ ಹೊರಟಿದ್ದಾನೆ ಎಂದರೆ ಬುತ್ತಿ ಕಟ್ಟುವುದು ಗೊತ್ತಿತ್ತು. ನನಗಿಂತ ಎಂಟೊಂಬತ್ತು ವರ್ಷ ಚಿಕ್ಕವರ ಜೊತೆ ಬೆಂಚಿನ ಮೇಲೆ ಕೂತು ಮತ್ತೆ ಮೊದಲಿಂದ ಓದಿದೆ. ಆ ವರ್ಷಗಳಲ್ಲಿ ಅವ್ವನ ಸಿಳ್ಳೆ ಮೊಬೈಲಿನ ಮಿಸ್ ಕಾಲ್ ಆಯಿತು. ಎರಡು ಸಲ ಬಡಿದು ನಿಂತರೆ ಅವ್ವ. ತಿರುಗಿ ಹಚ್ಚಿದರೆ ಒಂದೇ ಮಾತು: "ಉಂಡಿ?" ಉಂಡೆ ಎಂದರೆ ಮುಗಿಯಿತು, ಫೋನು ಅಪ್ಪನ ಕೈಗೆ. ಕಟ್ಟೆಯ ಮೇಲೆ ನಿಂತು ಕರೆಯಲು ಮನೆಯಲ್ಲಿ ಮಕ್ಕಳೇ ಇರಲಿಲ್ಲ. ಆಕೆಯ ಸಿಳ್ಳೆಯನ್ನು ನಾನು ಕೊನೆಯ ಸಲ ಕೇಳಿದ್ದು ಯಾವಾಗ ಎಂದು ಎಷ್ಟು ಯೋಚಿಸಿದರೂ ಹೊಳೆಯುವುದಿಲ್ಲ. ಇದೇ ಕೊನೆಯದು ಎಂದು ಯಾರಾದರೂ ಹೇಳಿದ್ದರೆ ಇನ್ನಷ್ಟು ಹೊತ್ತು ಗುಡ್ಡೆಯ ಮೇಲೆ ನಿಂತಿರುತ್ತಿದ್ದೆ.

ಬಾಯಿಯ ಅಚ್ಚು ತೆಗೆಯುವುದನ್ನು ಕಲಿಯುವಾಗ ಮನೆಯವರ ಬಾಯಿಯೇ ನಮಗೆ ಮೊದಲ ಪಾಠ. ರಜೆಗೆ ಬಂದಾಗ ಅವ್ವನನ್ನು ಅಡುಗೆಮನೆಯ ಮಣೆಯ ಮೇಲೆ ಕೂರಿಸಿ, ಗುಲಾಬಿ ಬಣ್ಣದ ಹಿಟ್ಟು ಕಲಸಿ, ದವಡೆಯ ಆಕಾರದ ಸಣ್ಣ ತಟ್ಟೆಯಲ್ಲಿ ತುಂಬಿ ಬಾಯಿಗೆ ಒತ್ತಿದೆ. ಆಕೆ ಕಣ್ಣುಗುಡ್ಡೆ ತಿರುಗಿಸಿ, ನನ್ನ ತೊಡೆಗೆ ಗುದ್ದಿ, ಅಂತೂ ತಡೆದುಕೊಂಡಳು. ಅಚ್ಚಿನೊಳಗೆ ಬಿಳಿ ಪ್ಲಾಸ್ಟರ್ ಸುರಿದು, ಗಟ್ಟಿಯಾದ ಮೇಲೆ ಬಿಡಿಸಿ ಕೈಗೆ ಕೊಟ್ಟೆ. ತಿರುಗಿಸಿ ತಿರುಗಿಸಿ ನೋಡಿದಳು.

"ನನ್ನ ಸಂದಿ ಇಷ್ಟ ದೊಡ್ಡದೈತೇನೋ ತಮ್ಮಾ? ಒಬ್ಬರೂ ಹೇಳಲಿಲ್ಲಲ್ಲ ಇಷ್ಟ ದಿನ."

ಚೀಲ ಎಣಿಸುತ್ತಿದ್ದ ಅಪ್ಪ ತಲೆ ಎತ್ತದೆಯೇ ಹೇಳಿದರು: "ಅದನ್ನ ನೋಡೇ ನಾ ಹೂಂ ಅಂದದ್ದು."

ನನಗೆ ಮಗಳು ಹುಟ್ಟಿದ ವರ್ಷವೇ ಅವ್ವ ಹೋದಳು. ಮೊಮ್ಮಗಳ ಬಾಯಲ್ಲಿ ಇನ್ನೂ ಹಾಲುಹಲ್ಲು ಮೂಡಿರಲಿಲ್ಲ.

ಈಗ ಗಂಗಾವತಿಯಲ್ಲಿ ನನ್ನದೇ ಒಂದು ದವಾಖಾನೆ ಇದೆ. ವಾರದಲ್ಲಿ ಕೆಲವು ದಿನ ಇಕ್ಕಳ, ತಂತಿಗಳ ಪೆಟ್ಟಿಗೆ ಹಿಡಿದು ಕೊಪ್ಪಳ, ಕುಷ್ಟಗಿ, ಯಲಬುರ್ಗಾಕ್ಕೆ ಹೋಗಿ ಅಲ್ಲಿನ ಹಲ್ಲಿನ ಡಾಕ್ಟರರ ಕೋಣೆಗಳಲ್ಲಿ ಕೂರುತ್ತೇನೆ. ಮಂದಿ ನನ್ನನ್ನು ಕರೆಯುವುದು ಕ್ಲಿಪ್ ಡಾಕ್ಟರ್ ಎಂದು. ಕುಷ್ಟಗಿ, ಯಲಬುರ್ಗಾದ ಕಡೆ ಬೋರಿನ ನೀರು ಕುಡಿದು ಹಲ್ಲು ಕಂದಿದ ಹುಡುಗರು ಬರುತ್ತಾರೆ, ಆ ಹಲ್ಲಿನ ಮೇಲೆ ಕ್ಲಿಪ್ಪಿನ ಅಂಟು ನಿಲ್ಲದೆ ನನ್ನ ಜೀವ ತಿನ್ನುತ್ತದೆ. ಅದಕ್ಕಿಂತ ಜೀವ ತಿನ್ನುವವರು ಮದುವೆಯ ಮನೆಯವರು. "ಮುಂದಿನ ತಿಂಗಳ ಲಗ್ನ ಐತ್ರಿ ಸರ, ಅಷ್ಟ್ರಾಗ ಜೋಡಿಸಿಕೊಡ್ರಿ," ಎನ್ನುತ್ತಾರೆ. ಮುಂದಿನ ತಿಂಗಳೇ ಬೇಕಾದರೆ ಬಡಗಿಯ ಹತ್ತಿರ ಹೋಗಿ ಎಂದು ಬಾಯಿಗೆ ಬಂದದ್ದನ್ನು ನುಂಗಿ, ಒಂದೂವರೆ ವರ್ಷವಾದರೂ ಬೇಕು ಎಂದು ಹೇಳುತ್ತೇನೆ.

ಅವ್ವನ ಹಲ್ಲಿನ ಪ್ಲಾಸ್ಟರ್ ಅಚ್ಚು ಗಂಗಾವತಿಯ ದವಾಖಾನೆಯ ಕಪಾಟಿನಲ್ಲಿದೆ. ಒಮ್ಮೆ, ಒಬ್ಬ ರೋಗಿ ಹೋಗಿ ಇನ್ನೊಬ್ಬರು ಬರುವ ನಡುವಿನ ಹೊತ್ತಿನಲ್ಲಿ, ಅದನ್ನು ತುಟಿಗಿಟ್ಟು ಸಂದಿಯೊಳಗೆ ಊದಿದೆ. ಸುಣ್ಣದ ವಾಸನೆ ಬಂತು, ಅಷ್ಟೆ. ಇಷ್ಟು ಓದಿದವನು ಮಾಡುವ ಕೆಲಸವೇ ಎಂದು ನಗು ಬಂತು. ನಗುತ್ತಿರುವಾಗಲೇ ಕಣ್ಣು ತುಂಬಿಕೊಂಡವು. ಅಚ್ಚಿನಲ್ಲಿ ಹಲ್ಲು ಉಳಿಯುತ್ತದೆ, ಸದ್ದು ಉಳಿಯುವುದಿಲ್ಲ.

ಅವ್ವನ ಸಂದಿ ನನ್ನನ್ನು ಹಾರಿ ಮಗಳಿಗೆ ಬಂತು. ಬಂದದ್ದು ಹೆಚ್ಚಾಗಿಯೇ ಬಂತು, ನಡುವೆ ಎರಡು ಅಕ್ಕಿಕಾಳು ನಿಲ್ಲುವಷ್ಟು. ಸಾಲೆಯಲ್ಲಿ ಗೆಳತಿಯರು "ಏ, ಗೇಟು ಹಾಕ್ಕೋ" ಎನ್ನುತ್ತಿದ್ದರಂತೆ. ನನಗದು ಗೊತ್ತಾದದ್ದು ಸಾಣಾಪುರದ ಕೆರೆಗೆ ಹೋದಾಗ. ಎಲ್ಲರೂ ನೀರಿನ ಮುಂದೆ ಫೋಟೋಕ್ಕೆ ನಿಂತರು. ಹದಿನಾಲ್ಕರ ಹುಡುಗಿ, ನಗು ತಡೆಯಲಾಗದು, ಆದರೆ ನಗು ಬಂದ ಕೂಡಲೇ ಕೈ ಬಾಯಿಗೆ ಹೋಯಿತು. ಎಲ್ಲ ಫೋಟೋಗಳಲ್ಲೂ ಅವಳ ಕೈಯೇ ಕಾಣುತ್ತದೆ. ಮನೆಗೆ ಬಂದು ಹೇಳಿದಳು, "ಅಪ್ಪಾ, ನಂಗೂ ಕ್ಲಿಪ್ ಹಾಕು."

ದವಡೆ ಇನ್ನೂ ಬೆಳೆಯಬೇಕು ಎಂದೆ. ಪರೀಕ್ಷೆ ಮುಗಿಯಲಿ ಎಂದೆ. ಹೆಂಡತಿಗೆ ನನ್ನ ನೆಪಗಳೆಲ್ಲ ತಿಳಿಯುತ್ತವೆ.

"ಮನಿಗೆ ಮಾರಿ, ಊರಿಗೆ ಉಪಕಾರಿ ಅಂದಂಗಾತು ನಿಮ್ದು. ಊರ ಮಂದಿ ಹಲ್ಲೆಲ್ಲ ಜೋಡಿಸ್ತೀರಿ, ಮಗಳ ಹಲ್ಲು ಕಣ್ಣಿಗೆ ಬೀಳವಲ್ವೇನು?"

ಬೀಳುತ್ತಿತ್ತು. ಅದೇ ತೊಂದರೆ. ಊಟಕ್ಕೆ ಕೂತಾಗ, ಟಿವಿ ನೋಡಿ ನಕ್ಕಾಗ, ಅವಳ ಬಾಯಲ್ಲಿ ಅವ್ವ ಕಾಣುತ್ತಿದ್ದಳು. ಈ ಭೂಮಿಯ ಮೇಲೆ ಅವ್ವ ಉಳಿದಿರುವುದು ಆ ಒಂದು ಜಾಗದಲ್ಲಿ, ಅದನ್ನು ಮುಚ್ಚುವ ವಿದ್ಯೆ ಕಲಿತವನು ನಾನೇ. ಆದರೂ ಕಡೆಗೆ ಕ್ಲಿಪ್ ಹಾಕಿದೆ. ಹಲ್ಲುಗಳನ್ನು ಒಂದರ ಕಡೆಗೊಂದು ಎಳೆಯಲು ಸಣ್ಣ ರಬ್ಬರ್ ಸರವೊಂದನ್ನು ಅದರ ಮೇಲೆ ಕಟ್ಟುತ್ತೇವೆ. ತಿಂಗಳಿಗೊಮ್ಮೆ ಸರ ಬದಲಾಯಿಸಬೇಕು. ಪ್ರತಿ ತಿಂಗಳೂ ಸಂದಿ ಒಂದಿಷ್ಟು ಕಿರಿದಾಗುತ್ತ ಬಂತು. ಮಗಳು ಕನ್ನಡಿ ಬಿಟ್ಟು ಏಳುತ್ತಿರಲಿಲ್ಲ.

ಯಲಬುರ್ಗಾದ ಕೆಲಸ ಮುಗಿಸಿ, ಕೊಪ್ಪಳ ದಾಟಿ, ಹಿಟ್ನಾಳದ ಹತ್ತಿರ ಲಾರಿಗಳ ಸಾಲಿನಲ್ಲಿ ಸಿಕ್ಕಿಕೊಂಡು, ಬೈಯುತ್ತಲೇ ಮನೆ ಮುಟ್ಟಿದ ಒಂದು ಸಂಜೆ. ಮನೆಯೆದುರಿನ ರಸ್ತೆಯಾಚೆ ಚಹಾದಂಗಡಿಯಲ್ಲಿ ನಿಂತಿದ್ದೆ. ಆಟೋ, ಟ್ರ್ಯಾಕ್ಟರ್, ಎಲ್ಲದರ ಹಾರ್ನು. ಆ ಗದ್ದಲದ ಮೇಲೆ ತೇಲಿ ಬಂತು, ತೆಳ್ಳಗೆ, ಉದ್ದಕ್ಕೆ.

ಚಹಾದ ಲೋಟ ಕೆಳಗಿಟ್ಟೆ. ತಿರುಗಿ ನೋಡಿದರೆ ಮಾಳಿಗೆಯ ಮೇಲೆ ಮಗಳು. ಬಾಯಿಗೆ ಬೆರಳಿಲ್ಲ, ತುಟಿ ಚೂಪಿಲ್ಲ, ಸುಮ್ಮನೆ ನಿಂತಂತೆ ನಿಂತಿದ್ದಾಳೆ. ಮತ್ತೊಮ್ಮೆ ಹೊಡೆದು, ಊಟಕ್ಕೆ ಬಾ ಎಂದು ಕೈ ಮಾಡಿದಳು. ನಾನು ಕೂಗದೆ, ಕೈಯಷ್ಟೇ ಎತ್ತಿ ತೋರಿಸಿ ರಸ್ತೆ ದಾಟಿದೆ.

"ಇವತ್ತ ಮುಂಜಾನಿಂದ ತಾನ ಬರಾಕತ್ತೈತಿ ಅಪ್ಪಾ," ಎಂದಳು ಒಳಗೆ ಹೋದಾಗ. "ಸಾಸಿವಿ ಅಂದ್ರೂ ಸಿಳ್ಳಿ, ಸಕ್ಕರಿ ಅಂದ್ರೂ ಸಿಳ್ಳಿ."

ಮರುದಿನ ದವಾಖಾನೆಗೆ ಹೋದವನೇ ಕಪಾಟು ತೆರೆದು ಅವ್ವನ ಅಚ್ಚಿನ ಸಂದಿ ಅಳೆದೆ. ಮಧ್ಯಾಹ್ನ ಮಗಳನ್ನು ಕರೆಸಿ ಅವಳದನ್ನೂ ಅಳೆದೆ. ಎರಡೂ ಒಂದೇ. ಅಗಲವಾಗಿದ್ದಾಗ ಗಾಳಿ ಸುಮ್ಮನೆ ಆಚೆ ಹೋಗುತ್ತಿತ್ತು, ಪೂರ್ತಿ ಮುಚ್ಚಿದರೆ ಹೋಗುವುದೇ ಇಲ್ಲ. ಮುಚ್ಚಿಕೊಳ್ಳುವ ದಾರಿಯಲ್ಲಿ ಅದು ಅವ್ವನ ಅಳತೆಗೆ ಬಂದು ನಿಂತಿತ್ತು. ಮುಂದಿನ ಸರ ಹಾಕಿದರೆ ಅದನ್ನೂ ದಾಟಿಬಿಡುತ್ತದೆ.

ಆ ತಿಂಗಳು ಸರ ಹಾಕಲಿಲ್ಲ. ಹಲ್ಲು ಇದ್ದಲ್ಲೇ ಇರುವಂತೆ ಬರೀ ತಂತಿ ಕಟ್ಟಿ, "ಸ್ವಲ್ಪ ದಿನ ಹಿಂಗ ಇರಲಿ," ಎಂದೆ. ಮನೆ ತುಂಬ ಸಿಳ್ಳೆ. ಹಾಲಿನವನಿಗೆ, ಬೆಕ್ಕಿಗೆ, ನನಗೆ. "ಹೆಣ್ಮಗಳು, ಏನಿದು?" ಎಂದು ಹೆಂಡತಿ ಬೈದರೆ ನಾನು ಪತ್ರಿಕೆಯ ಹಿಂದೆ ಮುಖ ಮುಚ್ಚಿಕೊಂಡು ಕೇಳುತ್ತಿದ್ದೆ. ಅಷ್ಟು ಸುಖದ ದಿನಗಳು ನನಗೆ ಇತ್ತೀಚೆಗೆ ಬಂದಿರಲಿಲ್ಲ. ಮರುತಿಂಗಳೂ ಸರ ಹಾಕಲಿಲ್ಲ.

ಅದರ ಮರುತಿಂಗಳು ಮಗಳು ಕುರ್ಚಿಯಲ್ಲಿ ಒರಗಲಿಲ್ಲ, ನೆಟ್ಟಗೆ ಕೂತಳು.

"ಎರಡ ತಿಂಗಳಾತು ಅಪ್ಪಾ, ಇದು ಅಲ್ಲೇ ಐತಿ. ನೀ ಏನೂ ಮಾಡವಲ್ಲಿ."

ಕೈಗವಸು ಬಿಚ್ಚಿದೆ. ಕಪಾಟಿನಿಂದ ಅಚ್ಚು ತಂದು ಅವಳ ಅಂಗೈಯಲ್ಲಿಟ್ಟೆ. ಯಾರದು ಎಂದಳು. ನಿನ್ನ ಅಜ್ಜಿಯದು ಎಂದೆ. ಹೊಟ್ಟಿನ ಗುಡ್ಡೆ, ಗಿರಣಿಯ ಸದ್ದು, ಕಟ್ಟೆಯ ಮೇಲಿನ ಸಿಳ್ಳೆ, ನನ್ನ ಕೂಗು, ಎಲ್ಲ ಹೇಳಿದೆ. ಅವಳು ಅಚ್ಚನ್ನು ತಿರುಗಿಸಿ ತಿರುಗಿಸಿ ನೋಡಿದಳು, ಅವ್ವ ನೋಡಿದ ಹಾಗೆಯೇ. ಅದನ್ನು ನನ್ನ ಕೈಗೆ ಮರಳಿ ಕೊಟ್ಟು ಹೇಳಿದಳು.

"ನಿಂಗ ಬೇಕಂದ್ರ ಹಿಂಗ ಇರಲಿ ಬಿಡಪಾ. ನಂದೇನೂ ಇಲ್ಲ."

ಹೇಳುತ್ತ ನಗಲು ನೋಡಿದಳು. ನಗು ಬರುವ ಮೊದಲೇ ಕೈ ಬಾಯಿಗೆ ಹೋಗಿತ್ತು. ಅವ್ವ ಒಂದು ದಿನವೂ ಬಾಯಿಗೆ ಕೈ ಅಡ್ಡ ಹಿಡಿದವಳಲ್ಲ. ಸಂದಿ ಒಂದೇ ಇರಬಹುದು, ನಗು ಅವ್ವನದಲ್ಲ. ಮಗಳ ನಗುವನ್ನು ತೆಗೆದುಕೊಂಡು ನಾನು ಅವ್ವನ ಸಿಳ್ಳೆ ಕೇಳುತ್ತ ಕೂರಲಾರೆ. ಹೊಸ ರಬ್ಬರ್ ಸರವನ್ನು ಕೈಗೆತ್ತಿಕೊಂಡೆ.

"ಬ್ಯಾಡವ್ವಾ. ಬಾಯಿ ನಿಂದು. ಒರಗು."

"ಹಂಗಾರ ತಡಿ," ಎಂದು ಕುರ್ಚಿಯಿಂದ ಇಳಿದಳು. "ಒಮ್ಮೆ ಹೊಡೀತೀನಿ, ಕೇಳಿಬಿಡು."

ರಸ್ತೆಯ ಕಡೆಯ ಕಿಟಕಿಗೆ ಹೋಗಿ, ನನಗೆ ಬೆನ್ನು ಮಾಡಿ ನಿಂತು ಹೊಡೆದಳು. ಇದ್ದ ಉಸಿರನ್ನೆಲ್ಲ ಬಿಟ್ಟು, ಉದ್ದಕ್ಕೆ.

"ಬಂದೆ ಬೇ!" ಎಂದೆ. ಎಷ್ಟು ಜೋರಾಗಿ ಎಂದೆನೋ, ಹೊರಗೆ ಕಾಯುತ್ತ ಕೂತಿದ್ದವರು ಬಾಗಿಲಿನಿಂದ ಇಣುಕಿದರು.

ಮಗಳು ನನ್ನ ಕೂಗಿಗೆ ನಗಲಿಲ್ಲ. ಬಂದು ಕುರ್ಚಿಯಲ್ಲಿ ಒರಗಿ ಬಾಯಿ ತೆರೆದಳು.